ಹಳೇ ಗೇಮ್ ಕ್ಯಾಸೆಟ್‌ಗಳಿಗೆ ಬ್ಯಾಕಪ್ ನಕಲು ಮಾಡಿಸಬೇಕು, ಒರಿಜಿನಲ್ ಕಳಿಸಿಕೊಡಲಾ?

ಕಾಳಿ_ದಂಡೆ:
ನಮಸ್ಕಾರ. ಕಾರವಾರದ ಕಾಜುಬಾಗ್‌ನಿಂದ ಬರೆಯುತ್ತಿದ್ದೇನೆ. ಮಳೆಗಾಲ ಮುಗಿಯಿತು ಅಂತ ಮೊನ್ನೆ ಅಟ್ಟದ ಪೆಟ್ಟಿಗೆ ಇಳಿಸಿದೆ. ಅಪ್ಪ ಹಡಗಿನ ಕೆಲಸದಲ್ಲಿದ್ದಾಗ ಸಿಂಗಾಪುರದಿಂದ ತಂದ ಗೇಮ್ ಬಾಯ್ ಕಲರ್ (ಕೈಯಲ್ಲಿ ಹಿಡಿದು ಆಡುವ ಮಷೀನ್) ಮತ್ತು ಅದರ ಪೋಕೆಮಾನ್ ರೆಡ್ ಕ್ಯಾಸೆಟ್ ಸಿಕ್ಕಿತು. ಜೊತೆಗೆ ಟಿವಿ ಗೇಮಿನ ಹಳದಿ ಕ್ಯಾಸೆಟ್ ಹನ್ನೊಂದು. ಹನ್ನೊಂದರಲ್ಲಿ ನಾಲ್ಕು ಓಡುತ್ತಿಲ್ಲ. ಪಿನ್ನುಗಳ ಮೇಲೆ ಹಸಿರು ಕಿಲುಬು. ಒಂದರ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ.

ಪೋಕೆಮಾನ್ ಮಾತ್ರ ಇನ್ನೂ ಓಡುತ್ತಿದೆ. ಆನ್ ಮಾಡಿದರೆ ಅಕ್ಕನ ಹೆಸರಿನ ಸೇವ್, ಅಂದರೆ ಅವಳು ಆಡಿ ಉಳಿಸಿಟ್ಟ ಆಟ, ಹಾಗೇ ಇದೆ. 151 ಪೋಕೆಮಾನ್‌ಗಳಲ್ಲಿ 148 ಹಿಡಿದಿದ್ದಾಳೆ. ಅಕ್ಕ ಈಗ ಧಾರವಾಡದಲ್ಲಿದ್ದಾಳೆ. ಫೋನ್ ಮಾಡಿ ಹೇಳಿದರೆ ನಂಬಲೇ ಇಲ್ಲ.

ಆನ್‌ಲೈನ್‌ನಲ್ಲಿ ಒಬ್ಬರು ರಿಪ್ರೋ ಕ್ಯಾಸೆಟ್, ಅಂದರೆ ಹಳೇ ಆಟದ ಹೊಸ ನಕಲು ಕ್ಯಾಸೆಟ್, ಮಾಡಿಕೊಡುತ್ತಾರಂತೆ. ಒಂದಕ್ಕೆ 1,500 ರೂಪಾಯಿ. ಒರಿಜಿನಲ್ ಕ್ಯಾಸೆಟ್ ಕೊರಿಯರ್ ಮಾಡಿ, ಅದನ್ನೇ ನೋಡಿ ಲೇಬಲ್ ಸಮೇತ ಹಾಗೇ ಮಾಡಿಕೊಡುತ್ತೇನೆ ಅಂದರು. ನಕಲನ್ನು ಮಗನಿಗೆ ಆಡಲು ಕೊಟ್ಟು, ಒರಿಜಿನಲ್ ತೆಗೆದಿಡಬೇಕು ಅಂತ ನನ್ನ ಯೋಚನೆ. ಕಳಿಸಲಾ? ಇಲ್ಲಿ ಯಾರಾದರೂ ಮಾಡಿಸಿದ್ದೀರಾ?

ದಾಂಡೇಲಿ_ಡಿಪೋ:
ಕಳಿಸಬೇಡಿ.

ಬಿಡಕಿಬೈಲು:
ನಾನೂ ಅದನ್ನೇ ಹೇಳುತ್ತೇನೆ, ಆದರೆ ಕಾರಣ ಹೇಳಿ ಹೇಳುತ್ತೇನೆ. ಶಿರಸಿಯಲ್ಲಿ ರೇಡಿಯೋ ಟಿವಿ ರಿಪೇರಿ ಅಂಗಡಿ ನನ್ನದು. ಗೇಮ್ ಕ್ಯಾಸೆಟ್ ರಿಪೇರಿ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ.

ಪೋಕೆಮಾನ್ ರೆಡ್ ಅಮೆರಿಕದಲ್ಲಿ ಬಂದಿದ್ದು 1998ರಲ್ಲಿ. ಆ ಕ್ಯಾಸೆಟ್‌ಗಳಲ್ಲಿ ಆಟ ಕೂತಿರುವ ರೋಮ್ (ROM) ಚಿಪ್ ಎಲ್ಲದರಲ್ಲೂ ಒಂದೇ, 1 ಎಂಬಿ. ಅದರ ನಕಲು ಮಾಡಲು ನಿಮ್ಮ ಕ್ಯಾಸೆಟ್ಟೇ ಬೇಕು ಅಂತ ಏನೂ ಇಲ್ಲ. ನಿಮ್ಮದರಲ್ಲಿ ಮಾತ್ರ ಇರುವುದು ಏನು? ಅಕ್ಕನ ಸೇವ್. ಅದು ಬೇರೆ ಚಿಪ್‌ನಲ್ಲಿದೆ, 32 ಕೆಬಿ. ಒಂದು ಬಟನ್ ಸೆಲ್ಲಿನ ಕರೆಂಟ್ ಮೇಲೆ ಅದು ಇಷ್ಟು ವರ್ಷ ಉಳಿದಿದೆ. ಸೆಲ್ ಸತ್ತ ದಿನ ಅದೂ ಹೋಯಿತು. ಯಾರಾದರೂ ಬೋರ್ಡ್ ಬಿಚ್ಚಿ ಸೆಲ್ ತೆಗೆದರೂ ಹೋಯಿತು. ಕೊರಿಯರ್ ಚೀಲದಲ್ಲಿ ಸೆಲ್ಲಿನ ಪಟ್ಟಿ ಸಡಿಲ ಆದರೂ ಹೋಯಿತು.

ಆಟಕ್ಕೆ ಲಕ್ಷಗಟ್ಟಲೆ ಕಾಪಿ ಇದೆ. ಅಕ್ಕನ 32 ಕೆಬಿಗೆ ಒಂದೇ ಕಾಪಿ. ಮೊದಲು ಅದನ್ನು ತೆಗೆಸಿ, ರಿಪ್ರೋ ವಿಷಯ ಆಮೇಲೆ.

ಕಾಳಿ_ದಂಡೆ:
ಅಯ್ಯೋ, ಸೇವ್ ಬೇರೆ ಚಿಪ್‌ನಲ್ಲಿ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಇವತ್ತು ಮಗ ಎರಡು ಗಂಟೆ ಆಡಿದ. ಅವನ ಆಟ ಅಕ್ಕನ ಸೇವ್ ಮೇಲೆ ಕೂತುಬಿಡುತ್ತದಾ?

ಬಿಡಕಿಬೈಲು:
ಹೊಸ ಆಟ ಶುರು ಮಾಡಿ ಸೇವ್ ಕೊಟ್ಟರೆ ಹಳೆಯದು ಹೋಗುತ್ತದೆ. ಆ ಕ್ಯಾಸೆಟ್‌ಗೆ ಸೇವ್ ಜಾಗ ಒಂದೇ. ದಯವಿಟ್ಟು ಇವತ್ತೇ ತೆಗೆದಿಡಿ.

ಕಾಳಿ_ದಂಡೆ:
ಹಳೇ ಸೇವ್‌ನಲ್ಲೇ ಓಡಾಡಿದ್ದಾನೆ ಅಷ್ಟೇ, ಸೇವ್ ಕೊಟ್ಟಿಲ್ಲ. ತೆಗೆದು ಸ್ಟೀಲ್ ಡಬ್ಬಿಯಲ್ಲಿಟ್ಟೆ.

ಕುಮಟಾ_ಕಾಂಟ್ರಾ:
ಹಳದಿ ಕ್ಯಾಸೆಟ್ ಅಂದ ಕೂಡಲೇ ಬಂದೆ! ನಮ್ಮ ಕುಮಟೆಯಲ್ಲಿ ಬೇಸಿಗೆ ರಜೆಯಲ್ಲಿ ಗಂಟೆಗೆ ಇಷ್ಟು ಅಂತ ಆಡಿಸುವ ಅಂಗಡಿ ಇತ್ತು. ಒಂದು ಟಿವಿ, ಎರಡು ರಿಮೋಟ್, ಹಿಂದೆ ಹನ್ನೆರಡು ಹುಡುಗರು ನಿಂತು ನೋಡುವುದು. ಕಾಂಟ್ರಾದ ಮೂವತ್ತು ಲೈಫ್ ಕೋಡ್ ಗೊತ್ತಿದ್ದವನೇ ನಾಯಕ. ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ನನ್ನ ಬೆರಳು ಇನ್ನೂ ಮರೆತಿಲ್ಲ.

ಮೇಡಂ, ಓಡದ ನಾಲ್ಕನ್ನು ಎಸೆಯಬೇಡಿ. ಪಿನ್ನು ರಬ್ಬರ್‌ನಲ್ಲಿ ಚೆನ್ನಾಗಿ ಉಜ್ಜಿ, ಒಮ್ಮೆ ಗಟ್ಟಿಯಾಗಿ ಊದಿ ಹಾಕಿ. ನೂರಕ್ಕೆ ತೊಂಬತ್ತು ಎದ್ದು ಬರುತ್ತವೆ.

ಮಲ್ಲಾಪುರ_ಕ್ವಾರ್ಟರ್ಸ್:
ಊದುವುದು ಬೇಡ ಮಾರಾಯ್ರೇ. ಬಾಯಿ ಉಸಿರಲ್ಲಿ ನೀರಿನ ಪಸೆ ಇರುತ್ತದೆ. ನಮ್ಮ ಕರಾವಳಿ ಗಾಳಿಯಲ್ಲಿ ಮೊದಲೇ ಉಪ್ಪು. ಎರಡೂ ಸೇರಿದರೆ ತಾಮ್ರ ಕಿಲುಬು ಹಿಡಿಯದೆ ಇನ್ನೇನು. ಆಗ ಊದಿದಾಗ ಓಡಿದ್ದು ಊದಿದ್ದಕ್ಕಲ್ಲ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದಿರಲ್ಲ, ಪಿನ್ನು ಹೊಸ ಜಾಗದಲ್ಲಿ ಕೂತಿತು, ಅದಕ್ಕೆ ಓಡಿತು.

ರಬ್ಬರ್ ಕೂಡ ಯೋಚಿಸಿ ಬಳಸಿ. ಒರಿಜಿನಲ್ ಕ್ಯಾಸೆಟ್‌ನ ಪಿನ್ನುಗಳ ಮೇಲೆ ತೆಳುವಾದ ಚಿನ್ನದ ಲೇಪ ಇರುತ್ತದೆ. ರಬ್ಬರ್ ಅದನ್ನು ಸವೆಸುತ್ತದೆ. ಐಸೊಪ್ರೊಪಿಲ್ ಆಲ್ಕೋಹಾಲ್ 99 ಪರ್ಸೆಂಟ್ ತಗೊಂಡು ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಒರೆಸಿ. ಕಡ್ಡಿ ಕಪ್ಪಾದರೆ ಬದಲಿಸಿ. ಕಪ್ಪಾಗುವುದು ನಿಂತ ಮೇಲೆ ಒಣಗಲು ಹತ್ತು ನಿಮಿಷ ಬಿಡಿ.

ಕುಮಟಾ_ಕಾಂಟ್ರಾ:
ಮೂವತ್ತು ವರ್ಷ ನಟರಾಜ್ ರಬ್ಬರ್‌ನಲ್ಲೇ ಉಜ್ಜಿದ್ದೇನೆ, ನನ್ನವು ಓಡುತ್ತಿವೆಯಲ್ಲ?

ಮಲ್ಲಾಪುರ_ಕ್ವಾರ್ಟರ್ಸ್:
ನಿಮ್ಮವು ಹಳದಿ ಕ್ಯಾಸೆಟ್. ಅದರಲ್ಲಿ ಎಷ್ಟೋ ಬೋರ್ಡಿಗೆ ಚಿನ್ನದ ಲೇಪವೇ ಇರುವುದಿಲ್ಲ, ಹಾಗಾಗಿ ಸವೆಯಲು ಏನೂ ಇಲ್ಲ. ಗಟ್ಟಿ ಕಿಲುಬು ಇದ್ದರೆ ಅಂಥದಕ್ಕೆ ರಬ್ಬರ್ ಹಾಕಬಹುದು, ಒಪ್ಪುತ್ತೇನೆ. ಪೋಕೆಮಾನ್‌ಗೆ ಮಾತ್ರ ಬೇಡ.

ಅಂಕೋಲೆ_ಇಷಾಡ:
ನನ್ನದು ಬೇರೆ ಅಭಿಪ್ರಾಯ. ಒಂದೊಂದು ಆಟಕ್ಕೂ ರಿಪ್ರೋ ಮಾಡಿಸುವುದು ಯಾಕೆ? ಎವರ್‌ಡ್ರೈವ್ ಥರದ ಫ್ಲ್ಯಾಶ್ ಕಾರ್ಟ್ ಒಂದು ತಗೊಳ್ಳಿ. ಮೆಮೊರಿ ಕಾರ್ಡ್‌ನಲ್ಲಿ ನಿಮ್ಮ ಎಲ್ಲಾ ಡಂಪ್ (ಕ್ಯಾಸೆಟ್‌ನಿಂದ ಓದಿ ತೆಗೆದ ಫೈಲ್) ಹಾಕಿ, ಅದನ್ನೇ ಮಷೀನಿಗೆ ಸಿಕ್ಕಿಸಿ. ಹನ್ನೆರಡು ಸಲ 1,500 ಕೊಡುವ ಬದಲು ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಎಲ್ಲಾ ಕ್ಯಾಸೆಟ್ ಡಬ್ಬಿಯಲ್ಲಿ ಭದ್ರ.

ಕಾಳಿ_ದಂಡೆ:
ಲೆಕ್ಕ ಸರಿ. ಆದರೆ ನನ್ನ ಮಗನಿಗೆ ಏಳು ವರ್ಷ. ಮೊಬೈಲಲ್ಲಿ ಸಾವಿರ ಆಟ ನೋಡಿ ಒಂದನ್ನೂ ಐದು ನಿಮಿಷ ಆಡುವುದಿಲ್ಲ. ಮೊನ್ನೆ ಮಾರಿಯೋ ಕ್ಯಾಸೆಟ್ ಅವನೇ ಹಾಕಿ, ಅವನೇ ಒತ್ತಿ, ಒಂದೇ ಆಟ ಸಂಜೆ ತನಕ ಆಡಿದ. ಪಟ್ಟಿಯಿಂದ ಆರಿಸುವುದು ಬೇರೆ, ಕೈಯಲ್ಲಿ ಹಿಡಿದು ಹಾಕುವುದು ಬೇರೆ. ಹಾಗಾಗಿ ನನಗೆ ಕ್ಯಾಸೆಟ್ಟೇ ಬೇಕು. ನಾಲ್ಕೈದು ಸಾಕು.

ಬಿಡಕಿಬೈಲು:
ಸರಿಯಾದ ಕಾರಣ. ಹಾಗಾದರೆ ಚೆನ್ನಾಗಿರುವ ರಿಪ್ರೋ ಹೇಗಿರಬೇಕು ಅಂತ ನೋಡೋಣ.

ಹಳದಿ ಕ್ಯಾಸೆಟ್‌ಗಳು ಫ್ಯಾಮಿಕಾಮ್ ಮಾದರಿಯವು, 60 ಪಿನ್. ನಿಂಟೆಂಡೊ ಜಪಾನಿನಲ್ಲಿ 1983ರಲ್ಲಿ ತಂದ ಮಷೀನಿನ ಅಳತೆ. ಅದೇ ಮಷೀನಿನ ಅಮೆರಿಕದ ರೂಪ ಎನ್‌ಇಎಸ್‌ಗೆ 72 ಪಿನ್, ಮತ್ತು ಅದರೊಳಗೆ ಬೀಗದ ಚಿಪ್ ಬೇರೆ ಇದೆ. ಕ್ಯಾಸೆಟ್‌ನಲ್ಲಿ ಜೋಡಿ ಚಿಪ್ ಇಲ್ಲದಿದ್ದರೆ ಮಷೀನ್ ಆನ್ ಆಗಿ ಆಫ್ ಆಗಿ ಮಿನುಗುತ್ತಲೇ ಇರುತ್ತದೆ. ಫ್ಯಾಮಿಕಾಮ್‌ಗೆ ಆ ಬೀಗ ಇಲ್ಲ. ಹಾಗಾಗಿ ನಮ್ಮ ಕಡೆಯ ಮಷೀನುಗಳಿಗೆ ನಕಲು ಮಾಡುವುದು ಸುಲಭ.

ಸೂಪರ್ ಮಾರಿಯೋ ಇದೆಯಲ್ಲ, ಅದು ಪೂರ್ತಿ 40 ಕೆಬಿ. 32 ಕೆಬಿ ಆಟ, 8 ಕೆಬಿ ಚಿತ್ರ. ಈಗ ಒಂದು ವಾಟ್ಸಾಪ್ ಫೋಟೋ ಅದಕ್ಕಿಂತ ದೊಡ್ಡದು. ನಾನು ಅದನ್ನು ಎರಡು ಈಪ್ರಾಮ್‌ನಲ್ಲಿ (ಯುವಿ ಬೆಳಕಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಮಾಡಿದ್ದೇನೆ, 27ಸಿ256 ಒಂದು, 27ಸಿ64 ಒಂದು. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಚಿಪ್. ಹೊಸದು ಅಂತ ಕೊಟ್ಟ ಹತ್ತರಲ್ಲಿ ಮೂರರೊಳಗೆ ಯಾರದ್ದೋ ಹಳೇ ಪ್ರೋಗ್ರಾಂ ಹಾಗೇ ಇತ್ತು. ಹಾಗಾಗಿ ತಂದ ಕೂಡಲೇ ಪ್ರೋಗ್ರಾಮರ್‌ಗೆ ಹಾಕಿ ಖಾಲಿ ಇದೆಯಾ ನೋಡಬೇಕು.

ಆ ಈಪ್ರಾಮ್ ನೋಡಲು ಚಂದ. ನಡುವೆ ಸಣ್ಣ ಗಾಜಿನ ಕಿಟಕಿ. ಬೆಳಕಿಗೆ ಓರೆ ಹಿಡಿದರೆ ಒಳಗೆ ಚೌಕದ ಸಿಲಿಕಾನ್ ಕಾಣುತ್ತದೆ, ಅದರ ಅಂಚಿನಿಂದ ಕೂದಲಿಗಿಂತ ತೆಳುವಾದ ತಂತಿಗಳು ನಾಲ್ಕೂ ಕಡೆ ಹೊರಟಿರುತ್ತವೆ. ಆದರೆ ಆ ಕಿಟಕಿಯೇ ಅಪಾಯ. ನೇರ ಬಿಸಿಲಿಗೆ ಒಂದು ವಾರ ಇಟ್ಟರೆ ಒಳಗಿನದು ಅಳಿಸಿಹೋಗುತ್ತದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಸುಮಾರು ಮೂರು ವರ್ಷ. ಅದಕ್ಕೆ ಕಿಟಕಿ ಮೇಲೆ ಬೆಳಕು ಹೋಗದ ಚೀಟಿ ಅಂಟಿಸಲೇಬೇಕು. ರಿಪ್ರೋ ತಗೊಂಡು ಬಿಚ್ಚಿದಾಗ ಕಿಟಕಿ ಬರಿದಾಗಿದ್ದರೆ ಮಾಡಿದವನಿಗೆ ಕೆಲಸ ಗೊತ್ತಿಲ್ಲ ಅಂತ ತಿಳಿಯಿರಿ.

ಮಲ್ಲಾಪುರ_ಕ್ವಾರ್ಟರ್ಸ್:
ಈಗ ಈಪ್ರಾಮ್ ಯಾಕೆ ಸರ್? 39ಎಸ್‌ಎಫ್040 ಫ್ಲ್ಯಾಶ್ ಹಾಕಿ. 5 ವೋಲ್ಟ್‌ನದು, 512 ಕೆಬಿ, ನೂರು ವರ್ಷಕ್ಕಿಂತ ಜಾಸ್ತಿ ಡೇಟಾ ನಿಲ್ಲುತ್ತದೆ ಅಂತ ಅದರ ಡೇಟಾಶೀಟ್‌ನಲ್ಲೇ ಇದೆ. ತಪ್ಪಾದರೆ ಯುವಿ ದೀಪದ ಕೆಳಗೆ ಇಪ್ಪತ್ತು ನಿಮಿಷ ಕಾಯುವ ಕೆಲಸವೂ ಇಲ್ಲ.

ಬಿಡಕಿಬೈಲು:
ಹೌದು, ಅದೇ ಒಳ್ಳೆಯದು. ನನ್ನ ಹತ್ತಿರ ಈಪ್ರಾಮ್ ಇತ್ತು, ಹಾಕಿದೆ.

ಯಲ್ಲಾಪುರ_ಘಟ್ಟ:
ವೋಲ್ಟ್ ವಿಷಯ ಬಂತಲ್ಲ, ಕೇಳುತ್ತೇನೆ. ನಾನು ಸೆಗಾದ ಮೆಗಾ ಡ್ರೈವ್ ಮಷೀನಿಗೆ ಆನ್‌ಲೈನ್‌ನಲ್ಲಿ ಒಂದು ರಿಪ್ರೋ ತಗೊಂಡಿದ್ದೆ. ನಾಲ್ಕು ವರ್ಷ ಚೆನ್ನಾಗಿ ಓಡಿತು. ಈಗ ಅರ್ಧ ಗಂಟೆ ಆದ ಮೇಲೆ ಪರದೆ ಮೇಲೆ ಚೌಕ ಚೌಕ ಕಸ ಬರುತ್ತದೆ. ಬಿಚ್ಚಿ ನೋಡಿದರೆ ಚಿಪ್ ಮೇಲೆ 29ಎಲ್‌ವಿ ಅಂತ ಶುರುವಾಗುವ ನಂಬರ್. ಇದು ಸರಿಯಾ?

ಮಲ್ಲಾಪುರ_ಕ್ವಾರ್ಟರ್ಸ್:
ಸರಿ ಅಲ್ಲ. 29ಎಲ್‌ವಿ ಅಂದರೆ 3.3 ವೋಲ್ಟ್‌ನ ಚಿಪ್. ಮೆಗಾ ಡ್ರೈವ್ 5 ವೋಲ್ಟ್‌ನ ಮಷೀನ್. ನಡುವೆ ವೋಲ್ಟ್ ಇಳಿಸುವ ಚಿಪ್, ಸಿಗ್ನಲ್ ಹೊಂದಿಸುವ ಚಿಪ್ ಎರಡೂ ಇರಬೇಕು. ಅಗ್ಗದ ರಿಪ್ರೋದಲ್ಲಿ ಅವನ್ನು ಬಿಟ್ಟು ನೇರ ಬೆಸುಗೆ ಹಾಕಿರುತ್ತಾರೆ. ತಡೆಯುವುದಕ್ಕಿಂತ ಜಾಸ್ತಿ ವೋಲ್ಟ್ ಮೇಲೆ ಚಿಪ್ ದಿನಾ ದುಡಿಯುತ್ತದೆ. ಬಿಸಿಯಾಗುತ್ತದೆ. ಮಷೀನಿನ ಕಡೆಯ ಚಿಪ್‌ಗೂ ಒತ್ತಡ ಬೀಳುತ್ತದೆ. ಕ್ಯಾಸೆಟ್ ಹೋದರೆ ಇನ್ನೊಂದು ಬರುತ್ತದೆ, ಮಷೀನ್ ಹೋದರೆ?

ಅಂಕೋಲೆ_ಇಷಾಡ:
ನಾಲ್ಕು ವರ್ಷ ಓಡಿತು ಅಂತ ಅವರೇ ಹೇಳುತ್ತಿದ್ದಾರೆ. ಇದನ್ನು ಜಾಸ್ತಿ ದೊಡ್ಡದು ಮಾಡುತ್ತಾರೆ ಅನಿಸುತ್ತದೆ. ನನ್ನ ಹತ್ತಿರ ಅಂಥವು ಆರು ಇವೆ, ಎಲ್ಲಾ ಓಡುತ್ತಿವೆ.

ಮಲ್ಲಾಪುರ_ಕ್ವಾರ್ಟರ್ಸ್:
ಓಡುವುದು ಬೇರೆ, ಬ್ಯಾಕಪ್ ಆಗುವುದು ಬೇರೆ. ಆಡಲಿಕ್ಕೆ ಅಂತ ತಗೊಂಡರೆ ನಾಲ್ಕು ವರ್ಷ ಸಾಕು. ಇವರು ಕೇಳುತ್ತಿರುವುದು ಬ್ಯಾಕಪ್. ಒರಿಜಿನಲ್‌ಗಿಂತ ಮೊದಲು ಸಾಯುವ ಬ್ಯಾಕಪ್ ಯಾವ ಬ್ಯಾಕಪ್?

ಅಂಕೋಲೆ_ಇಷಾಡ:
ಆ ಮಾತು ಒಪ್ಪಿದೆ.

ಕಾಳಿ_ದಂಡೆ:
ಗೇಮ್ ಬಾಯ್‌ಗೂ ಇದೇ ತೊಂದರೆಯಾ?

ಮಲ್ಲಾಪುರ_ಕ್ವಾರ್ಟರ್ಸ್:
ಹೌದು, ಹಳೇ ಗೇಮ್ ಬಾಯ್ ಮತ್ತು ಕಲರ್‌ನ ಕ್ಯಾಸೆಟ್ 5 ವೋಲ್ಟ್. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಮಾತ್ರ 3.3. ಮಾಡಿಕೊಡುವವರನ್ನು ನೇರವಾಗಿ ಕೇಳಿ, ಯಾವ ಚಿಪ್ ಹಾಕುತ್ತೀರಿ, ಬೋರ್ಡಿನ ಫೋಟೋ ಕಳಿಸಿ ಅಂತ. ಕೊಡಲು ಹಿಂದೆ ಮುಂದೆ ನೋಡಿದರೆ ಬಿಡಿ.

ಬೋರ್ಡಿನ ದಪ್ಪವೂ ಕೇಳಿ. ಗೇಮ್ ಬಾಯ್‌ದು 0.8 ಮಿಲಿಮೀಟರ್. ಫ್ಯಾಮಿಕಾಮ್, ಎನ್‌ಇಎಸ್ 1.2. ಮೆಗಾ ಡ್ರೈವ್ 1.6. ಬೋರ್ಡ್ ಮಾಡುವ ಕಂಪನಿಗೆ ಫೈಲ್ ಕಳಿಸುವಾಗ ಏನೂ ಬದಲಿಸದಿದ್ದರೆ 1.6 ಬಂದುಬಿಡುತ್ತದೆ. ಅದನ್ನು ಫ್ಯಾಮಿಕಾಮ್‌ಗೆ ತುರುಕಿದರೆ ಮಷೀನಿನ ಪಿನ್ನುಗಳು ಅಗಲ ಆಗುತ್ತವೆ. ಆಮೇಲೆ ಒರಿಜಿನಲ್ ಹಾಕಿದರೆ ಅದು ಸಡಿಲ, ಓಡುವುದಿಲ್ಲ. ಎಷ್ಟೋ ಜನ ಒರಿಜಿನಲ್ ಕೆಟ್ಟಿತು ಅಂದುಕೊಂಡು ಅಳುತ್ತಾರೆ. ಅಂಚನ್ನು ಓರೆಯಾಗಿ ಕೊರೆದಿರಬೇಕು, ಪಿನ್ನಿಗೆ ಚಿನ್ನದ ಲೇಪ ಇರಬೇಕು. ಕರಾವಳಿಯಲ್ಲಿ ಬರೀ ಸೀಸದ ಲೇಪ ಎರಡು ಮಳೆಗಾಲ ತಡೆಯುವುದಿಲ್ಲ.

ಭಟ್ಕಳ_ಪೇಟೆ:
ನಮ್ಮ ಭಟ್ಕಳದ ವಿದೇಶಿ ಸಾಮಾನಿನ ಅಂಗಡಿಗಳಲ್ಲಿ ಒಂದು ಕಾಲದಲ್ಲಿ ಇವೆಲ್ಲ ದುಬೈಯಿಂದ ಬರುತ್ತಿದ್ದವು. ಕಾರವಾರ, ಹೊನ್ನಾವರದಿಂದ ಜನ ಬಂದು ತಗೊಂಡು ಹೋಗುತ್ತಿದ್ದರು. ನನ್ನ ಮಾಮನ ಅಂಗಡಿಯಲ್ಲೂ ಇತ್ತು. ಒಂದು ಮಾತು ಹೇಳುತ್ತೇನೆ. ಲೇಬಲ್ ಸಮೇತ ಹಾಗೇ ಮಾಡಿಕೊಡುತ್ತೇನೆ ಅಂದರಲ್ಲ, ಅದು ನನಗೆ ಹಿಡಿಸಲಿಲ್ಲ. ನಾಳೆ ನಿಮ್ಮ ಮಗ ದೊಡ್ಡವನಾದ ಮೇಲೆ ಯಾರಿಗಾದರೂ ಕೊಡುತ್ತಾನೆ, ಅವರು ಒರಿಜಿನಲ್ ಅಂತ ಮಾರುತ್ತಾರೆ. ತಗೊಂಡವನಿಗೆ ಮೋಸ. ನಕಲಿನ ಮೇಲೆ ‘ನಕಲು’ ಅಂತಲೇ ಬರೆಸಿ.

ಬಿಡಕಿಬೈಲು:
ಭಾಯ್ ಹೇಳಿದ್ದು ಪೂರ್ತಿ ನಿಜ. ನಾನು ಬೋರ್ಡ್ ಮೇಲೂ ಬರೆಯುತ್ತೇನೆ, ಲೇಬಲ್ ಮೇಲೂ ಬರೆಯುತ್ತೇನೆ. ಒರಿಜಿನಲ್ ಗೇಮ್ ಬಾಯ್ ಕ್ಯಾಸೆಟ್ ಗುರುತಿಸಲು ಒಂದು ಉಪಾಯ: ಲೇಬಲ್ಲನ್ನು ಬೆಳಕಿಗೆ ಓರೆ ಹಿಡಿಯಿರಿ. ಒತ್ತಿ ಮೂಡಿಸಿದ ಎರಡು ಅಂಕಿ ಕಾಣುತ್ತದೆ. ಅದು ಮುದ್ರಣ ಅಲ್ಲ, ಕಾಗದ ತಗ್ಗಾಗಿರುತ್ತದೆ. ಸುಮಾರು ನಕಲಿಯಲ್ಲಿ ಅದು ಇರುವುದಿಲ್ಲ.

ಕಾಳಿ_ದಂಡೆ:
ನೋಡಿದೆ, ಇದೆ! 22 ಇದ್ದ ಹಾಗೆ ಕಾಣುತ್ತದೆ. ಇಪ್ಪತ್ತೈದು ವರ್ಷದಿಂದ ಮನೆಯಲ್ಲಿದೆ, ಇವತ್ತು ಮೊದಲ ಸಲ ನೋಡಿದ್ದು.

ಹೊನ್ನಾವರ_ಕೋರ್ಟ್:
ವಕೀಲಿ ಮಾಡುವವನು. ಕಾನೂನಿನ ಕಡೆಯಿಂದ ಎರಡು ಮಾತು. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ 52(1)(ಎಎ) ಅಂತ ಒಂದು ಕಲಂ ಇದೆ. ಕಂಪ್ಯೂಟರ್ ಪ್ರೋಗ್ರಾಮಿನ ಕಾಪಿಯನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆದುಹೋಗಬಾರದು, ಹಾಳಾಗಬಾರದು ಅಂತ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಬಹುದು ಅಂತ ಅದು ಹೇಳುತ್ತದೆ. ಯಾವ ಉದ್ದೇಶಕ್ಕೆ ಕೊಟ್ಟಿದ್ದೋ ಅದೇ ಉದ್ದೇಶಕ್ಕೆ ಬಳಸಬೇಕು.

ಇದರಲ್ಲಿ ‘ನ್ಯಾಯವಾಗಿ ಹೊಂದಿರುವವರು’ ಅನ್ನುವುದೇ ಮುಖ್ಯ. ಅಪ್ಪ ಹಣ ಕೊಟ್ಟು ತಂದ ಒರಿಜಿನಲ್ ಪೋಕೆಮಾನ್‌ಗೆ ಈ ಆಸರೆ ಸಿಗುತ್ತದೆ ಅಂತ ವಾದ ಮಾಡಬಹುದು. ಹಳದಿ ಕ್ಯಾಸೆಟ್ ಮೊದಲೇ ಕಳ್ಳ ನಕಲು. ಅದರ ಬ್ಯಾಕಪ್‌ಗೆ ಈ ಕಲಂ ಹೇಳಿ ನಿಲ್ಲಲು ಆಗುವುದಿಲ್ಲ. ಮತ್ತೆ ರಿಪ್ರೋ ಮಾಡಿ ಮಾರುವವರಿಗೆ ಈ ಕಲಂ ಇಲ್ಲವೇ ಇಲ್ಲ. ಬ್ಯಾಕಪ್ ನಿಮ್ಮದು, ವ್ಯಾಪಾರ ಅವರದು.

ಕುಮಟಾ_ಕಾಂಟ್ರಾ:
ವಕೀಲರೇ, ಆಗ ನಮಗೆ ಒರಿಜಿನಲ್ ಎಲ್ಲಿ ಸಿಗುತ್ತಿತ್ತು? ಅಂಗಡಿಯವರು ಇದೇ ಒರಿಜಿನಲ್ ಅಂತ ಕೊಟ್ಟರು, ಅಪ್ಪ ಸಂಬಳದ ದುಡ್ಡಲ್ಲಿ ಕೊಡಿಸಿದರು. ಕಳ್ಳ ಮಾಲು ಅಂತ ಹತ್ತು ವರ್ಷದ ಹುಡುಗನಿಗೆ ಗೊತ್ತಾ?

ಹೊನ್ನಾವರ_ಕೋರ್ಟ್:
ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನೂ ಅದರಲ್ಲೇ ಆಡಿ ಬೆಳೆದವನು. ಕಾನೂನು ಎಲ್ಲಿ ನಿಲ್ಲುತ್ತದೆ ಅಂತ ಹೇಳಿದೆ. ಎನ್‌ಇಎಸ್ ಭಾರತದಲ್ಲಿ ಸಮುರಾಯ್ ಹೆಸರಲ್ಲಿ ಅಧಿಕೃತವಾಗಿ ಮಾರಾಟ ಆಗಿತ್ತು, ಆದರೆ ನಮ್ಮ ಊರುಗಳ ತನಕ ಅದು ಎಷ್ಟು ಬಂತು ಹೇಳಿ. ಬಂದಿದ್ದು ಹಳದಿ ಕ್ಯಾಸೆಟ್ಟೇ.

ದಾಂಡೇಲಿ_ಡಿಪೋ:
9999 ಇನ್ 1 ಅಂತ ಬರೆದು ಒಳಗೆ ಏಳೇ ಆಟ ಇರುತ್ತಿತ್ತು. ಆ ದುಃಖ ಇನ್ನೂ ಹೋಗಿಲ್ಲ.

ಯಲ್ಲಾಪುರ_ಘಟ್ಟ:
ನಮ್ಮದರಲ್ಲಿ ಮಾರಿಯೋನೇ ಇನ್ನೂರು ಸಲ ಇತ್ತು. ಒಂದರಲ್ಲಿ ನೇರ ಎಂಟನೇ ಲೋಕ, ಒಂದರಲ್ಲಿ ನೀರೊಳಗಿನ ಹಂತ. ಆಗ ಪ್ರತಿಯೊಂದನ್ನೂ ಹೊಸ ಆಟ ಅಂತಲೇ ಆಡಿದೆವು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಹಠ ಹಿಡಿದು ತಗೊಂಡಿದ್ದು ಅದು. ಎರಡು ವರ್ಷಕ್ಕೊಮ್ಮೆ ಜಾತ್ರೆ, ಹಾಗಾಗಿ ನಮ್ಮ ಮನೆಗೆ ಎರಡು ವರ್ಷಕ್ಕೊಂದು ಹೊಸ ಕ್ಯಾಸೆಟ್.

ಬಿಡಕಿಬೈಲು:
ಆ ಹಳದಿ ಕ್ಯಾಸೆಟ್ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಬಿಚ್ಚಿದವರಿಗೆ ಗೊತ್ತು, ಒಳಗೆ ಕಾಲಿರುವ ಚಿಪ್ ಇಲ್ಲ. ಬೋರ್ಡ್ ಮೇಲೆ ಕರಿ ಅಂಟಿನ ಉಂಡೆ ಒಂದು. ಚಿಪ್ ಅದರೊಳಗೆ ಬೋರ್ಡಿಗೇ ಅಂಟಿಸಿದೆ. ಅಂಟು ಬಿರುಕು ಬಿಟ್ಟು ತೇವ ಒಳಗೆ ಹೋದರೆ ತಂತಿ ತುಕ್ಕು ಹಿಡಿದು ಕಡಿದುಹೋಗುತ್ತದೆ. ಬಿಚ್ಚಿ ಸರಿಮಾಡಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗೋಡೆಯೇ ಬೂಷ್ಟು ಹಿಡಿಯುತ್ತದೆ, ಅದು ಹಿಡಿಯುವುದಿಲ್ಲವಾ?

ಪೋಕೆಮಾನ್ ರೆಡ್ಡಿನ ಆಟ ಎಲ್ಲಿಯಾದರೂ ಉಳಿಯುತ್ತದೆ. ಈ ಹಳದಿ ಕ್ಯಾಸೆಟ್‌ಗಳಲ್ಲಿ ಯಾರೋ ಮಾರಿಯೋನ ತಲೆ ಬದಲಿಸಿದ್ದು, ಮೆನು ಹಾಡು ಬದಲಿಸಿದ್ದು ಇವೆಲ್ಲ ಇದ್ದವು. ಅವುಗಳಲ್ಲಿ ಎಷ್ಟೋ ಇನ್ನೂ ಯಾರೂ ಡಂಪ್ ಮಾಡಿಲ್ಲ. ಕಾನೂನಿನ ಮಾತು ವಕೀಲರು ಹೇಳಿದ್ದಾರೆ, ಒಪ್ಪುತ್ತೇನೆ, ಮಾರಬೇಡಿ. ಆದರೆ ಓಡುತ್ತಿರುವಾಗಲೇ ಒಮ್ಮೆ ಓದಿ ಇಟ್ಟುಕೊಳ್ಳಿ. ಸತ್ತ ಮೇಲೆ ಯಾರಿಂದಲೂ ಆಗುವುದಿಲ್ಲ.

ಕುಮಟಾ_ಕಾಂಟ್ರಾ:
ಸರ್, ಒಂದು ಅನುಮಾನ. ನನ್ನ ಹತ್ತಿರ ಎರಡು ಕಾಂಟ್ರಾ ಇತ್ತು. ಒಂದರಲ್ಲಿ ಮೊದಲ ಹಂತದ ತೆಂಗಿನ ಮರ ಗಾಳಿಗೆ ಅಲ್ಲಾಡುತ್ತದೆ, ನಡುವೆ ನಕ್ಷೆ ತೋರಿಸುತ್ತದೆ. ಇನ್ನೊಂದರಲ್ಲಿ ಇಲ್ಲ. ಅಲ್ಲಾಡುವುದು ನಕಲಿ ಅಂತ ಅಂದುಕೊಂಡಿದ್ದೆ.

ಮಲ್ಲಾಪುರ_ಕ್ವಾರ್ಟರ್ಸ್:
ತಿರುಗಾ ಮುರುಗಾ! ಮರ ಅಲ್ಲಾಡುವುದು ಜಪಾನಿನ ಆವೃತ್ತಿ. ಅದರಲ್ಲಿ ಕೊನಾಮಿಯ ಸ್ವಂತ ಚಿಪ್ ವಿಆರ್‌ಸಿ2 ಇತ್ತು, ಹಾಗಾಗಿ ಹಿನ್ನೆಲೆ ಅಲ್ಲಾಡಿಸಲು ಸಾಧ್ಯ ಆಯಿತು. 1988ರ ಅಮೆರಿಕದ ಆವೃತ್ತಿಯನ್ನು ಸಾದಾ ಬೋರ್ಡ್ ಮೇಲೆ ಮಾಡಿದರು, ನಕ್ಷೆ, ನಡುವಿನ ಚಿತ್ರ, ಅಲ್ಲಾಡುವ ಮರ ಎಲ್ಲಾ ಹೋಯಿತು. ರಿಪ್ರೋ ಮಾಡಿಸುವಾಗ ಇದೇ ತೊಡಕು. ಆಟದ ಹೆಸರು ಒಂದೇ ಆದರೂ ಬೋರ್ಡ್ ಬೇರೆ. ಮಾರಿಯೋ 3 ಬೇಕಾದರೆ 384 ಕೆಬಿ, ಅದಕ್ಕೆ ಎಂಎಂಸಿ3 ಅನ್ನುವ ಚಿಪ್ ಇರುವ ಬೋರ್ಡೇ ಬೇಕು. ಮೊದಲ ಮಾರಿಯೋನ ಬೋರ್ಡ್ ಮೇಲೆ ಕೂರಿಸಲು ಆಗುವುದಿಲ್ಲ.

ಕುಮಟಾ_ಕಾಂಟ್ರಾ:
ಅಯ್ಯೋ ದೇವರೇ, ಅಲ್ಲಾಡುವುದನ್ನೇ ತಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಇವತ್ತೇ ಫೋನ್ ಮಾಡುತ್ತೇನೆ.

ಅಂಕೋಲೆ_ಇಷಾಡ:
ಬೋರ್ಡ್ ಬೇಕಾದರೆ ಯಾವುದಾದರೂ ಬೇಡವಾದ ಕ್ರೀಡೆ ಆಟದ ಒರಿಜಿನಲ್ ತಗೊಂಡು, ಅದರ ಚಿಪ್ ಕಿತ್ತು ನಮ್ಮದು ಹಾಕಬಹುದು. ಅಗ್ಗ ಆಗುತ್ತದೆ.

ಬಿಡಕಿಬೈಲು:
ಇದಕ್ಕೆ ನನ್ನ ವಿರೋಧ ಇದೆ. ಇವತ್ತು ನಿಮಗೆ ಬೇಡವಾದ ಆಟ ಇನ್ನೊಬ್ಬರ ಬಾಲ್ಯ. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಯಾಕೆ? ಹಿಂದೆ ಬೇರೆ ದಾರಿ ಇರಲಿಲ್ಲ. ಈಗ ಹೊಸ ಬೋರ್ಡ್ ಮಾಡಿಸಬಹುದು. ಜೆಎಲ್‌ಸಿಪಿಸಿಬಿ ಥರದ ಬೋರ್ಡ್ ಮಾಡುವ ಕಂಪನಿಯವರು ಐದು ಬೋರ್ಡಿನ ಆರ್ಡರ್ ಕೂಡ ತಗೊಳ್ಳುತ್ತಾರೆ. ಇಲ್ಲಿ ನಾಲ್ಕೈದು ಜನ ಸೇರಿ ತರಿಸಿದರೆ ಒಬ್ಬೊಬ್ಬರಿಗೆ ಒಂದು.

ಅಂಕೋಲೆ_ಇಷಾಡ:
ಪೂರ್ತಿ ಕೆಟ್ಟುಹೋದ ಕ್ಯಾಸೆಟ್ ಆದರೆ?

ಬಿಡಕಿಬೈಲು:
ರೋಮ್ ಸತ್ತಿದೆ ಅಂತ ಖಾತ್ರಿ ಆದರೆ ಸರಿ. ಅದರ ಬೋರ್ಡ್ ಬಳಸಿ.

ಕಾಳಿ_ದಂಡೆ:
ಇಷ್ಟೆಲ್ಲ ಓದಿದ ಮೇಲೆ ಆ ಮಾರಾಟಗಾರರಿಗೆ ಬೇಡ ಅಂತ ಹೇಳಿದೆ. ಚಿಪ್ ಯಾವುದು ಅಂತ ಕೇಳಿದ್ದೆ, ಉತ್ತರವೇ ಬರಲಿಲ್ಲ. ಈಗ ಸೇವ್ ತೆಗೆಯುವುದು ಹೇಗೆ?

ಬಿಡಕಿಬೈಲು:
ಜಿಬಿಎಕ್ಸ್‌ಕಾರ್ಟ್ ಅಂತ ಸಣ್ಣ ರೀಡರ್ ಇದೆ, ಯುಎಸ್‌ಬಿಗೆ ಹಾಕುವುದು. ನನ್ನ ಹತ್ತಿರ ಇದೆ. ಭಾನುವಾರ ಶಿರಸಿಗೆ ಬನ್ನಿ. ಬರುವಾಗ ಕ್ಯಾಸೆಟ್ ಬಿಚ್ಚಬೇಡಿ. ಅದಕ್ಕೆ 3.8 ಮಿಲಿಮೀಟರ್‌ನ ಬೇರೆ ಥರದ ಬಿಟ್ ಬೇಕು, ಪೆನ್ನು ಕಾಯಿಸಿ ಬಿಚ್ಚುವ ವಿಡಿಯೋ ನೋಡಿ ಯಾರೂ ಮಾಡಬೇಡಿ.

ಭಟ್ಕಳ_ಪೇಟೆ:
ದೇವಿಮನೆ ಘಟ್ಟದ ರಸ್ತೆ ಹೇಗಿದೆ ಅಂತ ವಿಚಾರಿಸಿ ಹೊರಡಿ ಅಕ್ಕಾ.

ಯಲ್ಲಾಪುರ_ಘಟ್ಟ:
ಸೇವ್ ವಿಷಯದಲ್ಲಿ ನನ್ನ ಕಥೆ ಹೇಳುತ್ತೇನೆ, ಬೇರೆಯವರಿಗೆ ಹಾಗೆ ಆಗಬಾರದು. ನನ್ನದು ಪೋಕೆಮಾನ್ ಗೋಲ್ಡ್. ಅದರಲ್ಲಿ ಗಡಿಯಾರ ಇದೆ, ರಾತ್ರಿ ಹಗಲು ಬದಲಾಗುತ್ತದೆ. ಆ ಗಡಿಯಾರಕ್ಕೂ ಸೇವ್‌ಗೂ ಒಂದೇ ಸೆಲ್. ಹಾಗಾಗಿ ರೆಡ್ಡಿಗಿಂತ ಬೇಗ ಖಾಲಿ ಆಗುತ್ತದೆ. ಒಂದು ದಿನ ಗಡಿಯಾರ ತಪ್ಪು ತೋರಿಸಿತು, ಸುಮ್ನೆ ಬಿಟ್ಟೆ. ಮರುವಾರ ಆನ್ ಮಾಡಿದರೆ ‘ಹೊಸ ಆಟ’ ಮಾತ್ರ ಇತ್ತು. ಪಿಯುಸಿ ರಜೆ ಪೂರ್ತಿ ಆಡಿದ್ದು. ಗಡಿಯಾರ ತಪ್ಪಿದ ದಿನವೇ ಬ್ಯಾಕಪ್ ತೆಗೆದಿದ್ದರೆ ಉಳಿಯುತ್ತಿತ್ತು.

ಕುಮಟಾ_ಕಾಂಟ್ರಾ:
ಓದಿ ಬೇಜಾರಾಯಿತು ಮಾರಾಯ್ರೇ.

ಕಾಳಿ_ದಂಡೆ:
ಹೋಗಿ ಬಂದೆ. ಎಲ್ಲಾ ಬರೆಯುತ್ತೇನೆ, ಇಷ್ಟು ಸಹಾಯ ಮಾಡಿದ್ದೀರಿ.

ಮಗನನ್ನೂ ಕರೆದುಕೊಂಡು ಹೋಗಿದ್ದೆ. ಬಿಡಕಿಬೈಲು ಸರ್ ಮೊದಲು ಪಿನ್ನು ಒರೆಸಿದರು. ಮೊದಲ ಕಡ್ಡಿ ಕಾಡಿಗೆ ಥರ ಕಪ್ಪು. ಮೂರನೆಯದು ಬೆಳ್ಳಗೆ ಬಂತು. ಆಮೇಲೆ ಆಟವನ್ನು ಓದಿಸಿದರು. ಮೊದಲ ಸಲ ಮೊತ್ತ ಹೊಂದಲಿಲ್ಲ. ಗೇಮ್ ಬಾಯ್ ಆಟದ ಒಳಗೇ ಎಲ್ಲಾ ಬೈಟ್ ಕೂಡಿದ ಮೊತ್ತ ಬರೆದಿರುತ್ತದಂತೆ, ಓದಿದ್ದು ಸರಿಯಾ ಅಂತ ಅದರಿಂದ ಗೊತ್ತಾಗುತ್ತದೆ. ಮತ್ತೆ ಒರೆಸಿ ಹಾಕಿದರು. ಹೊಂದಿತು. ಆಮೇಲೆ ಸೇವ್. ಎರಡು ಸಲ ಓದಿ ಎರಡೂ ಒಂದೇ ಅಂತ ನೋಡಿದರು. 32,768 ಬೈಟ್. ಅಕ್ಕನ ಎರಡು ವರ್ಷದ ಆಟ ಅಷ್ಟೇ ಜಾಗದಲ್ಲಿದೆ. ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ (ಗೇಮ್ ಬಾಯ್ ಥರ ಆಟ ಓಡಿಸುವ ಪ್ರೋಗ್ರಾಂ) ತೆರೆದಾಗ ಅಕ್ಕನ ಹೆಸರು ಬಂತು. ನನಗೆ ಕಣ್ಣು ತುಂಬಿತು.

ಆಮೇಲೆ ಬಿಚ್ಚಿದರು. ಸೆಲ್ ಮೀಟರ್‌ನಲ್ಲಿ 2.5 ವೋಲ್ಟ್ ತೋರಿಸಿತು, ಹೊಸದಕ್ಕೆ 3. ಇನ್ನು ಎಷ್ಟು ದಿನ ಇರುತ್ತಿತ್ತೋ. ಪಟ್ಟಿ ಇರುವ ಹೊಸ ಸೆಲ್ ಹಾಕಿ, ಸೇವ್ ವಾಪಸ್ ಬರೆದರು. ಮಗ ಉಸಿರು ಬಿಡದೆ ನೋಡುತ್ತಿದ್ದ. ಸರ್ ಮನೆಯವರು ಅಪ್ಪೆಹುಳಿ ಊಟ ಹಾಕಿ ಕಳಿಸಿದರು.

ಮಲ್ಲಾಪುರ_ಕ್ವಾರ್ಟರ್ಸ್:
ತುಂಬಾ ಖುಷಿಯಾಯಿತು! ಆ ಫೈಲ್ ಮೂರು ಕಡೆ ಇಡಿ. ಒಂದು ಅಕ್ಕನ ಹತ್ತಿರವೂ ಇರಲಿ.

ಅಂಕೋಲೆ_ಇಷಾಡ:
ಸೆಲ್ಲಿಗೆ ನೇರ ಬೆಸುಗೆ ಹಾಕಬಾರದು ಅಂತಲೂ ಯಾರಾದರೂ ಬರೆಯಿರಿ, ಓದುವವರಿಗೆ ಗೊತ್ತಾಗಲಿ.

ಬಿಡಕಿಬೈಲು:
ಹೌದು. ಲೀಥಿಯಂ ಸೆಲ್ ಬಿಸಿಗೆ ಸಿಡಿಯಬಹುದು. ಪಟ್ಟಿ ಅಂಟಿಸಿಯೇ ಬರುವ ಸೆಲ್ ತಗೊಳ್ಳಿ. ಯಾವ ಸೆಲ್ ಅಂತ ಊಹೆ ಮಾಡಬೇಡಿ, ಬಿಚ್ಚಿ ಹಳೆಯದರ ಮೇಲಿನ ನಂಬರ್ ಓದಿ. ಸಿಆರ್1616 ಇರಬಹುದು, ಸಿಆರ್2025 ಇರಬಹುದು.

ಕ್ಯಾಸೆಟ್ ಇಡುವ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಮಳೆಗಾಲದ ನಡುವೆ ಒಮ್ಮೆ ತೆಗೆದು ಒಲೆಯ ಬೆಚ್ಚಗಿನ ಜಾಗದಲ್ಲಿ ಒಣಗಿಸಿ ಮತ್ತೆ ಹಾಕಿ.

ಕಾಳಿ_ದಂಡೆ:
ಹಾಕಿದ್ದೇನೆ. ಹಳದಿಯವುಗಳಲ್ಲಿ ಒರೆಸಿದ ಮೇಲೆ ಎರಡು ಎದ್ದವು, ಎರಡು ಪೂರ್ತಿ ಸತ್ತಿವೆ. ಒಂದು ಆ ಕುಂಬಾರ ಹುಳದ ಗೂಡಿನದು. ಇನ್ನೊಂದು ಮರ ಅಲ್ಲಾಡುವ ಕಾಂಟ್ರಾನೇ ಇರಬೇಕು, ನಕ್ಷೆ ನೋಡಿದ ನೆನಪಿದೆ.

ರಿಪ್ರೋಗೆ ಐದು ಬೋರ್ಡಿನ ಆರ್ಡರ್‌ನಲ್ಲಿ ನನಗೆ ಒಂದು, ಗೇಮ್ ಬಾಯ್‌ದು, 0.8 ದಪ್ಪ, ಚಿನ್ನದ ಲೇಪ. ಲೇಬಲ್ ಮಗನೇ ಬಿಡಿಸುತ್ತಾನಂತೆ. ದೊಡ್ಡ ಅಕ್ಷರದಲ್ಲಿ ‘ನಕಲು’ ಅಂತ ಈಗಲೇ ಬರೆದಿಟ್ಟಿದ್ದಾನೆ.

ಯಲ್ಲಾಪುರ_ಘಟ್ಟ:
ನನಗೂ ಒಂದು ಸೇರಿಸಿ.

ಭಟ್ಕಳ_ಪೇಟೆ:
ನನಗೂ.

ಕುಮಟಾ_ಕಾಂಟ್ರಾ:
ತಮ್ಮನ ಹತ್ತಿರ ಕಾಂಟ್ರಾ ಇದೆ, ಓಡುತ್ತಿದೆ, ಈಗಷ್ಟೇ ಆಡಿಸಿ ವಿಡಿಯೋ ಕಳಿಸಿದ. ಮರ ಅಲ್ಲಾಡುತ್ತಿದೆ! ಶನಿವಾರ ತರಿಸಿಕೊಳ್ಳುತ್ತೇನೆ. ಬಿಡಕಿಬೈಲು ಸರ್, ಹಳದಿ ಕ್ಯಾಸೆಟ್ ಓದುವ ರೀಡರ್ ನಿಮ್ಮ ಹತ್ತಿರ ಇದೆಯಾ?

ಬಿಡಕಿಬೈಲು:
ಇದೆ. 60 ಪಿನ್ನಿನ ಅಡಾಪ್ಟರ್ ಕೂಡ ಇದೆ. ಊದದೆ ತನ್ನಿ.